ಅಂಚೆಗೆ ಹಾಕಿದ ಜೀವ

2021ರ ಜುಲೈ. ಕೊರೋನಾಕ್ಕೆ ಹೆದರಿ ದೇಶವೇ ಅರ್ಧ ಬಾಗಿಲು ಹಾಕಿಕೊಂಡಿದ್ದ ಹೊತ್ತು. ಪೋಲೆಂಡಿನಿಂದ ಚೆನ್ನೈಗೆ ಒಂದು ಅಂಚೆ ಪಾರ್ಸೆಲ್ ಬಂತು. ತಮಿಳುನಾಡಿನ ಅರುಪ್ಪುಕೋಟೈನ ಯಾರದೋ ವಿಳಾಸ. ಅನುಮಾನ ಬಂದು ಕಸ್ಟಮ್ಸ್‌ನವರು ಬಿಚ್ಚಿದರೆ ಒಳಗೊಂದು ಥರ್ಮೋಕೋಲ್ ಡಬ್ಬ. ಡಬ್ಬದೊಳಗೆ ಬೆಳ್ಳಿಹಾಳೆ, ಹತ್ತಿ ಸುತ್ತಿದ 107 ಪುಟ್ಟ ಪ್ಲಾಸ್ಟಿಕ್ ಸೀಸೆಗಳು. ಒಂದೊಂದರಲ್ಲೂ ಒಂದೊಂದು ಜೀವಂತ ಜೇಡ. ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ, ಇವು ಮೆಕ್ಸಿಕೊ ಮತ್ತು ಅದರಾಚೆಯ ಟರಾಂಟುಲಾಗಳು ಎಂದರು. ಆಮದು ಪರವಾನಗಿ ಇಲ್ಲ, ಆರೋಗ್ಯ ಪ್ರಮಾಣಪತ್ರ ಇಲ್ಲ. ಬಂದಲ್ಲಿಗೇ ವಾಪಸ್ ಕಳಿಸಬೇಕೆಂದು ತೀರ್ಮಾನವಾಯಿತು. ಪಾರ್ಸೆಲ್ಲನ್ನು ಪೋಲೆಂಡಿಗೆ ಮರಳಿಸಲು ಮತ್ತೆ ಅಂಚೆಯವರ ಕೈಗೇ ಒಪ್ಪಿಸಲಾಯಿತು.

ಸುದ್ದಿ ಓದಿದವರು ಮೈ ಜುಮ್ಮೆನಿಸಿಕೊಂಡು ಪುಟ ತಿರುಗಿಸಿದರು. ಆ ಕೊನೆಯ ಸಾಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಅರ್ಧ ಭೂಮಿ ಸುತ್ತಿ, ಸೀಸೆಯಲ್ಲಿ ಮುದುರಿಕೊಂಡು ಬಂದ ಜೀವಕ್ಕೆ ಕಾನೂನು ಕೊಟ್ಟ ಪರಿಹಾರ ಅಂಥದ್ದೇ ಇನ್ನೊಂದು ಪ್ರಯಾಣ! ಅಧಿಕಾರಿಗಳನ್ನು ದೂರಿ ಪ್ರಯೋಜನವಿಲ್ಲ. ಪರದೇಶದ ಜೇಡವನ್ನು ಇಲ್ಲಿಯ ಕಾಡಿಗೆ ಬಿಡುವಂತಿಲ್ಲ. ನೂರಕ್ಕೂ ಮಿಕ್ಕ ಮರಿಗಳನ್ನು ಬೇರೆ ಬೇರೆ ಇಟ್ಟು ಸಾಕಲು ಯಾವ ಮೃಗಾಲಯ ತಾನೇ ಸಿದ್ಧವಾಗಿ ಕೂತಿರುತ್ತದೆ? ಪಾರ್ಸೆಲ್ಲಿಗೆ ಟೇಪು ಸುತ್ತಿದಾಗಲೇ ಅವುಗಳ ದಾರಿ ಮುಚ್ಚಿಹೋಗಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ನಮಗೆ ಮೊದಲು ಹತ್ತುವುದು ನಮ್ಮ ಪ್ರಾಣದ ಚಿಂತೆ. ಅದನ್ನು ಬೇಗ ಮುಗಿಸಿಬಿಡೋಣ. ಟರಾಂಟುಲಾ ಕಚ್ಚಿದ ವಿಷದಿಂದ ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲ. ಆದರೆ ಭಾರತ, ಶ್ರೀಲಂಕಾಗಳಲ್ಲಿ ಮರದ ಪೊಟರೆಯಲ್ಲಿ ವಾಸಿಸುವ ಪೆಸಿಲೋಥೀರಿಯಾ ಕುಲದ ಜೇಡ ಕಚ್ಚಿದರೆ ಮೈಯೆಲ್ಲ ಸ್ನಾಯು ಸೆಳೆತ ಬಂದು ದಿನಗಟ್ಟಲೆ ಕಾಡುತ್ತದೆ. ಅಮೆರಿಕ ಖಂಡಗಳ ಟರಾಂಟುಲಾಗಳ ಪಾಲಿಗೆ ಹೊಟ್ಟೆಯ ಮೇಲಿನ ಮುಳ್ಳುರೋಮಗಳೇ ಆಯುಧ, ಹಿಂಗಾಲಿನಿಂದ ಕೆರೆದು ಗಾಳಿಗೆ ತೂರುತ್ತವೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಾಕಿದ ಜೇಡದ ಗಾಜಿನ ಮನೆ ತೊಳೆಯುತ್ತಿದ್ದವನೊಬ್ಬನ ಕಣ್ಣಿನ ಪಾರದರ್ಶಕ ಪಟಲಕ್ಕೆ ಆ ರೋಮಗಳು ಹೊಕ್ಕ ಪ್ರಕರಣವನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತ್ತು. ಸಾಕಿದವನಿಗೆ ಒಳಗೆ ಏನಿದೆ ಎಂದಾದರೂ ಗೊತ್ತಿರುತ್ತದೆ. ‘ಆಟಿಕೆ’ ಎಂದು ಬರೆದ ಪೆಟ್ಟಿಗೆಯನ್ನು ಬರಿಗೈಯಲ್ಲಿ ಬಿಚ್ಚುವ ನೌಕರನಿಗೆ ಅದೂ ಗೊತ್ತಿರುವುದಿಲ್ಲ. ಅವನ ಮಟ್ಟಿಗೆ ಅಪಾಯ ನಿಜ. ಆದರೂ ಲೆಕ್ಕ ಹಾಕಿದರೆ ಈ ಸಾಗಣೆಯಲ್ಲಿ ಸಾಯುವುದು ಬಹುಮಟ್ಟಿಗೆ ಜೇಡವೇ.

ನೋಡಲು ಭೀಮಕಾಯ, ರೋಮಭರಿತ. ಒಳಗೆ ಮಾತ್ರ ತೀರಾ ನಾಜೂಕು. ಜೇಡಕ್ಕೆ ಕಾಲು ಮಡಿಸಲು ಸ್ನಾಯುಗಳಿವೆ, ಮುಖ್ಯ ಗೆಣ್ಣುಗಳಲ್ಲಿ ಕಾಲು ಚಾಚಲು ಇಲ್ಲ. ಜೆಸಿಬಿಯ ತೋಳಿಗೆ ಎಣ್ಣೆ ನೂಕಿದ ಹಾಗೆ, ಮೈಯೊಳಗಿನ ದ್ರವವನ್ನು ಒತ್ತಡದಿಂದ ನೂಕಿಯೇ ಅದು ಕಾಲು ಬಿಡಿಸಬೇಕು. ನೀರಿನಂಶ ಕಡಿಮೆಯಾದರೆ ಒತ್ತಡ ಇಳಿಯಿತು, ಒತ್ತಡ ಇಳಿದರೆ ಎಂಟೂ ಕಾಲು ಹೊಟ್ಟೆಯಡಿಗೆ ಸುರುಟಿಕೊಂಡವು. ಸಾಕುವವರು ಡಬ್ಬ ತೆರೆದಾಗ ಅತ್ಯಂತ ಹೆದರುವ ನೋಟ ಇದೇ. ಇನ್ನು ಹಿಂಭಾಗದ ಆ ದುಂಡನೆ ಹೊಟ್ಟೆ. ಹೃದಯ, ಶ್ವಾಸಕೋಶ, ನೂಲು ತೆಗೆಯುವ ಗ್ರಂಥಿಗಳು, ಅಂಡಾಶಯ ಎಲ್ಲ ಅದರಲ್ಲಿ. ಅದಕ್ಕಿರುವ ರಕ್ಷಣೆ ಒಂದು ತೆಳು ಚರ್ಮ. ನೆಲದಲ್ಲಿ ಬಿಲ ತೋಡಿ ಬದುಕುವ ದಪ್ಪ ಜಾತಿಯ ಜೇಡ ಮೇಜಿನ ಎತ್ತರದಿಂದ ಬಿದ್ದರೂ ಹೊಟ್ಟೆ ಬಿರಿದು, ನಸುನೀಲಿ ರಕ್ತ ಸೋರಿ ಸಾಯಬಹುದು. ನಮ್ಮ ಕೊರಿಯರ್ ಗೋದಾಮುಗಳಲ್ಲಿ ಪೆಟ್ಟಿಗೆಗಳನ್ನು ಲಾರಿಯಿಂದ ಹೇಗೆ ಇಳಿಸುತ್ತಾರೆಂದು ನೋಡಿದವರಿಗೆ ಹೆಚ್ಚು ವಿವರ ಬೇಕಿಲ್ಲ.

ಇದರ ಮೇಲೆ ಪೊರೆ ಕಳಚುವ ಕಾಟ. ಬೆಳೆಯುವ ಜೇಡ ಆಗಾಗ ಹಳೆಯ ಕವಚ ಬಿಟ್ಟು ಹೊರಬರಲೇಬೇಕು. ಬೆನ್ನ ಮೇಲೆ ಮಲಗಿ, ಗಂಟೆಗಟ್ಟಲೆ ಹೆಣಗಿ, ಒಂದೊಂದೇ ಕಾಲನ್ನು ಎಳೆದುಕೊಳ್ಳುತ್ತದೆ. ಹೊಸ ಮೈ ಗಟ್ಟಿಯಾಗಲು ದಿನಗಳು ಬೇಕು. ಆ ಹೊತ್ತಿನಲ್ಲಿ ಅದರ ಹಲ್ಲು ಕೂಡ ಮೆತ್ತಗಿರುತ್ತದೆ. ಮುಟ್ಟದೆ ಬಿಟ್ಟರೆ ಉಳಿಯುತ್ತದೆ, ಅಲ್ಲಾಡಿಸಿದರೆ ಕಾಲು ಮುರಿಯುತ್ತದೆ ಅಥವಾ ಅರ್ಧ ಪೊರೆಯಲ್ಲೇ ಸಿಕ್ಕಿ ಸಾಯುತ್ತದೆ. ಅನುಭವಿ ಮಾರಾಟಗಾರ ಹೊಟ್ಟೆ ಕಪ್ಪಾಗಿ ಉಬ್ಬಿದ ಜೇಡವನ್ನು ಕಳಿಸುವುದಿಲ್ಲ. ಆದರೆ ಮರಿಗಳು ಪದೇ ಪದೇ ಪೊರೆ ಬಿಡುತ್ತವೆ, ಮತ್ತು ಈ ವ್ಯಾಪಾರದಲ್ಲಿ ಹೆಚ್ಚು ಓಡುವ ಸರಕೇ ಮರಿ.

ಜೇಡ ಸಾಕುವ ಹವ್ಯಾಸಿಗಳಿಗೆ ಇದೆಲ್ಲ ತಿಳಿದಿಲ್ಲವೆಂದಲ್ಲ. ಅವರ ಪ್ಯಾಕಿಂಗ್ ನೋಡಿದರೆ ನಿಜಕ್ಕೂ ಮೆಚ್ಚಬೇಕು. ದೊಡ್ಡ ಜೇಡಕ್ಕೆ ಗಾಳಿತೂತು ಕೊರೆದ ಡಬ್ಬ, ಒಳಗೆ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದ ಮೆತ್ತೆ. ಜೇಡ ಓಡಾಡುವಂತೆಯೂ ಇರಬಾರದು, ನಜ್ಜಾಗುವಂತೆಯೂ ಇರಬಾರದು. ಕಡಲೆಕಾಳಿನಷ್ಟು ಮರಿಯಾದರೆ ತಂಪು ಪಾನೀಯದ ಸ್ಟ್ರಾ ಕತ್ತರಿಸಿ, ಎರಡೂ ತುದಿಗೆ ಕಾಗದ ತುರುಕಿ ಕೂರಿಸುತ್ತಾರೆ. ಹೊರಗೆ ಥರ್ಮೋಕೋಲ್. ಚಳಿ ದೇಶಗಳಲ್ಲಿ ಜೊತೆಗೊಂದು ಬಿಸಿ ಪೊಟ್ಟಣ. ಈ ಪೊಟ್ಟಣ ಬಿಸಿಯಾಗುವುದು ಒಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕ ಹೀರಿ ತುಕ್ಕು ಹಿಡಿಯುವುದರಿಂದ. ಪೆಟ್ಟಿಗೆಗೆ ತೂತು ಸಾಲದಿದ್ದರೆ ಜೇಡ ಉಸಿರಾಡಬೇಕಾದ ಗಾಳಿಯನ್ನೇ ಅದೂ ತಿನ್ನುತ್ತದೆ. ತೂತು ಹೆಚ್ಚಾದರೆ ಶಾಖ ಹೊರಗೆ ಹೋಗುತ್ತದೆ. ನಮ್ಮ ಕಡೆ ತೊಂದರೆ ತಲೆಕೆಳಗು. ಏಪ್ರಿಲ್ ಬಿಸಿಲಲ್ಲಿ ಬಾಗಿಲು ಜಡಿದು ನಿಲ್ಲಿಸಿದ ಡೆಲಿವರಿ ವ್ಯಾನಿನೊಳಗೆ ಯಾವ ಥರ್ಮೋಕೋಲೂ ಹೆಚ್ಚು ಹೊತ್ತು ತಡೆಯದು. ಲಾರಿ ಕೆಟ್ಟಿತು, ವಿಳಾಸ ಸಿಗಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ, ಸೋಮವಾರ ಕೊಡೋಣ. ಪುಸ್ತಕದ ಪಾರ್ಸೆಲ್ಲಿಗೆ ಇದು ಮೂರು ದಿನದ ವಿಳಂಬ, ಅಷ್ಟೆ.

ಇಷ್ಟೆಲ್ಲ ಅನಿಶ್ಚಯವನ್ನು ವ್ಯಾಪಾರ ಹೇಗೆ ನಿಭಾಯಿಸಿದೆ ಗೊತ್ತೆ? ‘ಲೈವ್ ಅರೈವಲ್ ಗ್ಯಾರಂಟಿ’ ಎಂಬ ಷರತ್ತಿನಿಂದ. ಜೀವಂತ ತಲುಪದಿದ್ದರೆ ಬದಲಿ ಕೊಡುತ್ತೇವೆ, ಇಲ್ಲವೇ ಹಣ ವಾಪಸ್. ಪಾರ್ಸೆಲ್ ಕೈಸೇರಿದ ಇಂತಿಷ್ಟು ಗಂಟೆಯೊಳಗೆ ಸತ್ತ ಜೇಡದ ಫೋಟೊ ಕಳಿಸಬೇಕು, ಮೊದಲ ಸಲವೇ ಡೆಲಿವರಿ ತೆಗೆದುಕೊಂಡಿರಬೇಕು, ಸಾಗಣೆ ವೆಚ್ಚ ನಿಮ್ಮದೇ. ಗ್ರಾಹಕನ ಕಣ್ಣಿನಲ್ಲಿ ಇದು ಪ್ರಾಮಾಣಿಕ ವ್ಯವಹಾರ, ಒಪ್ಪೋಣ. ಆದರೆ ಸಾವನ್ನು ಮೊದಲೇ ದರದೊಳಗೆ ಸೇರಿಸಿಟ್ಟ ವ್ಯವಹಾರ. ಒಂದು ಸತ್ತರೆ ಇನ್ನೊಂದನ್ನು ಅದೇ ದಾರಿಯಲ್ಲಿ ಅಟ್ಟುತ್ತಾರೆ. ನಾಯಿಮರಿಯ ವಿಷಯದಲ್ಲಿ ಇಂಥ ಷರತ್ತು ಬರೆದು ನೋಡಿ, ಊರು ಸುಮ್ಮನಿರುತ್ತದೆಯೇ? ಜೇಡಕ್ಕೆ ಅಳುವವರಿಲ್ಲ.

ಕಾನೂನುಬದ್ಧ, ಎಚ್ಚರಿಕೆಯ ಸಾಗಣೆಯ ಕತೆಯೇ ಹೀಗಿರುವಾಗ ಕಳ್ಳಸಾಗಣೆಯದು ಹೇಗಿದ್ದೀತು? ಅಲ್ಲಿ ಗಾಳಿತೂತು ಕೊರೆದರೆ ಗುಟ್ಟು ರಟ್ಟಾಗುತ್ತದೆ, ‘ಜೀವಂತ ಪ್ರಾಣಿ’ ಎಂದು ಚೀಟಿ ಅಂಟಿಸುವ ಮಾತೇ ಇಲ್ಲ. 2010ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜರ್ಮನಿಯವನೊಬ್ಬ ಸಿಕ್ಕಿಬಿದ್ದ. ಅವನು ಅಂಚೆಯಲ್ಲಿ ಕಳಿಸುತ್ತಿದ್ದ ಪೊಟ್ಟಣಗಳಲ್ಲಿ ನೂರಾರು ಜೇಡಗಳು, ಕೆಲವು ಬಣ್ಣದ ಸ್ಟ್ರಾಗಳಲ್ಲಿ. 2019ರಲ್ಲಿ ಮನಿಲಾಕ್ಕೆ ಪೋಲೆಂಡಿನಿಂದ ಬಂದ 757 ಟರಾಂಟುಲಾಗಳು ಓಟ್‌ಮೀಲ್, ಬಿಸ್ಕತ್ತಿನ ಡಬ್ಬಿಗಳಲ್ಲಿದ್ದವು. 2024ರಲ್ಲಿ ಪೆರುವಿನ ಲಿಮಾ ವಿಮಾನ ನಿಲ್ದಾಣದಲ್ಲಿ ಒಬ್ಬ 320 ಜೇಡಗಳನ್ನು ಹೊಟ್ಟೆಗೇ ಕಟ್ಟಿಕೊಂಡು ಹೊರಟಿದ್ದ. ಇವೆಲ್ಲಕ್ಕಿಂತ ನನ್ನನ್ನು ಕಲಕಿದ್ದು 2025ರ ಜರ್ಮನಿಯ ಪ್ರಕರಣ. ವಿಯೆಟ್ನಾಮಿನಿಂದ ಕಲೋನ್-ಬಾನ್ ನಿಲ್ದಾಣಕ್ಕೆ ಏಳು ಕಿಲೊ ತೂಕದ ಕೇಕಿನ ಪಾರ್ಸೆಲ್ ಬಂತು. ಕೇಕಿಗೆ ತಕ್ಕ ವಾಸನೆ ಬರುತ್ತಿಲ್ಲವೆಂದು ಕಸ್ಟಮ್ಸ್‌ನವರು ಬಿಚ್ಚಿದರು. ಒಳಗೆ ಸುಮಾರು 1500 ಟರಾಂಟುಲಾ ಮರಿಗಳು. ಬಹಳಷ್ಟು ಆಗಲೇ ಸತ್ತಿದ್ದವು. ಪತ್ತೆ ಮಾಡಿಕೊಟ್ಟದ್ದೇ ಆ ನಾತ.

ಇದು ಪೋಲೆಂಡ್, ಪೆರುಗಳ ಕತೆ, ನಮಗೇನು ಎನ್ನುವವರು ಸ್ವಲ್ಪ ತಾಳಬೇಕು. ವಿದೇಶಿ ಜೇಡ ಪ್ರಿಯರ ಬೆಲೆಪಟ್ಟಿಯಲ್ಲಿ ‘ಮೈಸೂರ್ ಆರ್ನಮೆಂಟಲ್’ ಎಂಬ ಹೆಸರಿದೆ. ವೈಜ್ಞಾನಿಕ ಹೆಸರು ಪೆಸಿಲೋಥೀರಿಯಾ ಸ್ಟ್ರಿಯಾಟಾ, ಪಶ್ಚಿಮ ಘಟ್ಟದ ಜೇಡ, 1895ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ರೆಜಿನಾಲ್ಡ್ ಪೋಕಾಕ್ ಅದನ್ನು ವರ್ಣಿಸಿದರು. ನಮ್ಮ ಮೈಸೂರು ರೇಷ್ಮೆ, ಮೈಸೂರು ಪಾಕಿನಷ್ಟೇ ಸಲೀಸಾಗಿ ಮೈಸೂರಿನ ಜೇಡವೂ ಯುರೋಪಿನ ಅಂಗಡಿಗೆ ಹೋಗಿದೆ. ಕೇಳಿದವರು ಯಾರು?

ಅದರ ಸೋದರ ಸಂಬಂಧಿಯ ಕತೆ ಇನ್ನೂ ವಿಚಿತ್ರ. ಗುಂತಕಲ್ಲಿನ ಹತ್ತಿರದ ಗುತ್ತಿಯಲ್ಲಿ ರೈಲ್ವೆಯವರ ಮರಮುಟ್ಟಿನ ಅಂಗಳದಲ್ಲಿ ನೀಲಿ ಹೊಳಪಿನ ಒಂದು ಜೇಡ ಸಿಕ್ಕಿತ್ತು. 1899ರಲ್ಲಿ ಅದೇ ಪೋಕಾಕ್ ಅದಕ್ಕೆ ಪೆಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ಅಲ್ಲಿಂದ ಬಹುದೂರ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಪೂರ್ವಘಟ್ಟದ ಕಾಡಿನಲ್ಲಿ. ಅಂದರೆ ಮೊದಲ ಜೇಡ ಮರದ ದಿಮ್ಮಿಯೊಳಗೆ ಕೂತು ರೈಲಿನಲ್ಲಿ ಗುತ್ತಿಗೆ ಬಂದಿರಬೇಕೆಂದು ತಜ್ಞರ ಊಹೆ. ಅದು ಸಾಗಣೆಯಾದದ್ದು ಯಾರ ಅರಿವಿಗೂ ಬಾರದೆ. ಮರುಶೋಧವಾದ ಮೇಲಿನದು ಅರಿತೇ ಮಾಡಿದ ಸಾಗಣೆ. ಕೆಲವೇ ವರ್ಷಗಳಲ್ಲಿ ಆ ನೀಲಿ ಜೇಡ ಯುರೋಪ್, ಅಮೆರಿಕದ ಹವ್ಯಾಸಿಗಳ ಗಾಜಿನ ಪೆಟ್ಟಿಗೆಗಳಲ್ಲಿತ್ತು. 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅದರ ನೆಲೆ ಇಡೀ ಜಗತ್ತಿನಲ್ಲಿ ನೂರು ಚದರ ಕಿಲೋಮೀಟರಿಗೂ ಕಡಿಮೆ ಜಾಗ, ಅದೂ ಸೌದೆಗೆ ಕಡಿದು ಸವೆದ ಕಾಡು.

ಹವ್ಯಾಸಿಗಳಿಗೆ ಇಲ್ಲೊಂದು ಉತ್ತರವಿದೆ: ಈಗ ಮಾರುವುದೆಲ್ಲ ಮನೆಯಲ್ಲೇ ಮರಿ ಮಾಡಿಸಿದವು, ಕಾಡಿನ ಜೇಡವನ್ನು ನಾವು ಮುಟ್ಟುವುದಿಲ್ಲ. ಮೆಟಾಲಿಕಾದ ಮಟ್ಟಿಗೆ ಇದು ಬಹುಪಾಲು ನಿಜ, ಒಂದೇ ಸಲಕ್ಕೆ ನೂರರ ಆಸುಪಾಸು ಮರಿ ಕೊಡುವ ಜೀವಿ ಅದು. ಆದರೆ ಭಾರತ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕಾಗಿ ಹೊರಗೆ ಕಳಿಸಲು ಬಿಡುವುದಿಲ್ಲ. ಹಾಗಾದರೆ ಈ ಮರಿಗಳ ಮುತ್ತಜ್ಜಿಯರು ಯಾವ ದಾರಿಯಲ್ಲಿ ಹೋದರು? ಉತ್ತರ ಎಲ್ಲರಿಗೂ ಗೊತ್ತು, ಬೆಲೆಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಎಲ್ಲ ಜಾತಿಗಳೂ ಮನೆಯಲ್ಲಿ ಹುಟ್ಟಿದವು ಎಂಬುದೂ ಸುಳ್ಳು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಟರ್ನೆಟ್ಟಿನ ಮಾರಾಟ ತಾಣಗಳನ್ನು ಜಾಲಾಡಿ, ಜೇಡ ಚೇಳುಗಳ ಸಾವಿರದ ಇನ್ನೂರಕ್ಕೂ ಹೆಚ್ಚು ಪ್ರಭೇದಗಳು ಮಾರಾಟದಲ್ಲಿವೆ, ಅದರಲ್ಲಿ ಕಾಡಿನಿಂದ ಹಿಡಿದು ತಂದವು ಧಾರಾಳವಾಗಿವೆ ಎಂದು ತೋರಿಸಿತು. ಮೆಕ್ಸಿಕೊದ ಕೆಂಪು ಮಂಡಿಯ ಟರಾಂಟುಲಾ ಹೆಣ್ಣು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು, ಇಪ್ಪತ್ತು ವರ್ಷ ದಾಟಿ ಬದುಕಬಲ್ಲದು. ಅಂಥದ್ದೊಂದು ಹೆಣ್ಣು ಪೆಟ್ಟಿಗೆಯಲ್ಲಿ ಸತ್ತರೆ ಹಣ ವಾಪಸ್ ಬಂದೀತು, ಕಾಡಿಗೆ ಏನೂ ವಾಪಸ್ ಬರುವುದಿಲ್ಲ.

ಕಾನೂನಿಗೆ ಜೇಡ ಕಂಡದ್ದು ತಡವಾಗಿ. ಬ್ರಿಟಿಷರ 1898ರ ಅಂಚೆ ಕಾಯ್ದೆಯಲ್ಲಿ, ಇತರ ಟಪಾಲಿಗೋ ಅಂಚೆ ನೌಕರರಿಗೋ ಹಾನಿ ಮಾಡಬಲ್ಲ ಜೀವಿಯನ್ನು ಅಂಚೆಗೆ ಹಾಕಬಾರದು ಎಂದಿತ್ತು. ಟಪಾಲಿನಿಂದ ಜೀವಿಗೆ ಆಗುವ ಹಾನಿ ಆ ಸೆಕ್ಷನ್ನಿಗೆ ಹೊಳೆದಿರಲಿಲ್ಲ. ಅಂತರರಾಷ್ಟ್ರೀಯ ಅಂಚೆ ಒಪ್ಪಂದ ಜೀವಂತ ಪ್ರಾಣಿಗಳನ್ನು ಬಹುತೇಕ ನಿಷೇಧಿಸಿ, ಜೇನುಹುಳು, ಜಿಗಣೆ, ರೇಷ್ಮೆಹುಳು ಮುಂತಾದ ಕೆಲವಕ್ಕಷ್ಟೇ ವಿನಾಯಿತಿ ಕೊಟ್ಟಿದೆ. (ರಾಮನಗರದವರು ಹೆಮ್ಮೆಪಡಬಹುದು.) ಪೆಸಿಲೋಥೀರಿಯಾ ಕುಲ ಪೂರ್ತಿಯಾಗಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದ್ದು 2019ರಲ್ಲಿ, ಜಿನೀವಾ ಸಭೆಯಲ್ಲಿ. ಪ್ರಸ್ತಾಪ ಮುಂದಿಟ್ಟವರಲ್ಲಿ ಶ್ರೀಲಂಕಾ ಇತ್ತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಸೈಟಿಸ್ ಪಟ್ಟಿಯ ಜೀವಿಗಳಿಗೆ ಪ್ರತ್ಯೇಕ ಅನುಸೂಚಿ ಬಂತು. ಅಂಥ ಜೀವಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಹೊರಬಿತ್ತು. ಕಾಗದದ ಮೇಲೆ ಇಷ್ಟು ಸಾಕು. ಆದರೆ ಸೀಸೆಯಲ್ಲಿರುವ ಬೇಳೆಗಾತ್ರದ ಮರಿ ಯಾವ ಪ್ರಭೇದದ್ದೆಂದು ಹೇಳಬಲ್ಲವರು ನಮ್ಮ ಎಷ್ಟು ವಿಮಾನ ನಿಲ್ದಾಣಗಳಲ್ಲಿದ್ದಾರೆ? 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 234 ಕಾಡುಪ್ರಾಣಿಗಳು ಸಿಕ್ಕಿದವು, ಒಂದು ಕಾಂಗರೂ ಮರಿ ಉಸಿರುಕಟ್ಟಿ ಸತ್ತಿತ್ತು. ಕಾಂಗರೂ ಆದ್ದರಿಂದ ಸುದ್ದಿಯಾಯಿತು.

ಜೇಡ ಸಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಹಲ್ಲಿ ಕಂಡರೆ ಪೊರಕೆ ಹುಡುಕುವ ನಾಡಿನಲ್ಲಿ ಜೇಡವನ್ನು ಪ್ರೀತಿಸುವ ಹುಡುಗ ಹುಡುಗಿಯರು ಇದ್ದಾರೆಂಬುದೇ ಸಂತೋಷ. ಆ ಪ್ರೀತಿ ನಿಜವಾಗಿದ್ದರೆ ಪಾರ್ಸೆಲ್ ತರಿಸಬೇಡಿ. ಈಗಾಗಲೇ ಇದ್ದರೆ ನೋಂದಣಿ ಮಾಡಿಸಿ, ಸಾಕಲಾಗದೆ ಬೇಸತ್ತರೆ ಪಾರ್ಕಿನಲ್ಲಿ ಬಿಟ್ಟು ಬರಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿ. ಇನ್‌ಸ್ಟಾಗ್ರಾಂನಲ್ಲಿ ‘ಆಲ್ ಇಂಡಿಯಾ ಶಿಪ್ಪಿಂಗ್’ ಎಂದು ಜೇಡ ಮರಿಗಳ ಚಿತ್ರ ಹಾಕಿದವರು ಕಂಡರೆ ಲೈಕ್ ಒತ್ತುವ ಮೊದಲು ಕಾಗದಪತ್ರ ಎಲ್ಲಿದೆ ಎಂದು ಕೇಳಿ. ಇಲ್ಲವೆಂದರೆ ಆ ಖಾತೆಯ ವಿವರವನ್ನು ಅರಣ್ಯ ಇಲಾಖೆಗೆ ಕಳಿಸಿ.