ಬೀಜಕ್ಕೆ ಬೆಲೆ, ಹಣ್ಣಿಗೆ ತಿಪ್ಪೆ

ಮಾರ್ಚ್‌ ಬಿಸಿಲು ಏರುತ್ತಿದ್ದಂತೆ ಪುತ್ತೂರು, ಬೆಳ್ತಂಗಡಿ, ಕುಂದಾಪುರದ ಗೇರುಗುಡ್ಡಗಳಲ್ಲಿ ಹುಳಿತ ಹಣ್ಣಿನ ಘಾಟು ಹರಡುತ್ತದೆ. ಕೊಯ್ಯುವವರು ಹಣ್ಣನ್ನು ಒಂದು ಕೈಯಲ್ಲಿ ಹಿಡಿದು ಬೀಜವನ್ನು ತಿರುವಿ ಕೀಳುತ್ತಾರೆ. ಬೀಜ ಬುಟ್ಟಿಗೆ, ಹಣ್ಣು ಮರದ ಬುಡಕ್ಕೆ. ಸಂಜೆ ಅಂಗಡಿಯ ತಕ್ಕಡಿಗೆ ಏರುವುದು ಬೀಜ ಮಾತ್ರ.

ಹೀಗೆ ಬಿಸಾಡಿದ್ದರ ತೂಕ ಬೀಜದ ಆರೆಂಟು ಪಟ್ಟು. ದೇಶದಲ್ಲಿ ವರ್ಷಕ್ಕೆ 7 ಲಕ್ಷ ಟನ್‌ ಆಸುಪಾಸಿನಲ್ಲಿ ಗೇರುಬೀಜ ಬೆಳೆಯುತ್ತದೆ. ಅಂದರೆ ಹಣ್ಣು 40 ಲಕ್ಷ ಟನ್‌ ದಾಟುತ್ತದೆ. ಗೋವಾದವರು ಫೆನಿಗೆ ಬಳಸಿದ್ದು, ಅಲ್ಲಲ್ಲಿ ದನಗಳು ತಿಂದದ್ದು ಬಿಟ್ಟರೆ ಬಹುಪಾಲು ಕೊಳೆಯುತ್ತದೆ.

ಕೊಳೆಯುತ್ತಿರುವುದೇನು? ನೂರು ಗ್ರಾಂ ಗೇರುಹಣ್ಣಿನಲ್ಲಿ ಸುಮಾರು 85 ಗ್ರಾಂ ನೀರು, ಹತ್ತು ಗ್ರಾಂನಷ್ಟು ಸಕ್ಕರೆ. ಸಿ ವಿಟಮಿನ್‌ ಮಾತ್ರ 200 ಮಿಲಿಗ್ರಾಂ ಆಚೀಚೆ, ಕಿತ್ತಳೆಯಲ್ಲಿರುವುದರ ನಾಲ್ಕು ಪಟ್ಟು. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದ್ದು 80 ಮಿಲಿಗ್ರಾಂ; ಒಂದು ಸಾಧಾರಣ ಗಾತ್ರದ ಹಣ್ಣು ತಿಂದರೆ ಅದು ದಕ್ಕಿತು. ಹಳದಿ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌, ಕೆಂಪು ಸಿಪ್ಪೆಯ ಆಂಥೊಸಯನಿನ್‌, ಒಂದಿಷ್ಟು ಪೊಟ್ಯಾಷಿಯಂ ಕೂಡ ಇವೆ. ಪ್ರೊಟೀನ್‌ ಒಂದು ಗ್ರಾಂ ಕೂಡ ಇಲ್ಲ. ಸರ್ವರೋಗಕ್ಕೂ ಮದ್ದೆಂದು ಮಾರುವವರು ಇದರ ಹತ್ತಿರ ಸುಳಿಯದಿರುವುದೇ ವಾಸಿ.

ತಿನ್ನಲು ಅಡ್ಡಿ ಒಗರು. ಹಣ್ಣಿನ ಟ್ಯಾನಿನ್‌ಗಳು ಜೊಲ್ಲಿನ ಪ್ರೊಟೀನ್‌ಗೆ ಅಂಟಿಕೊಂಡು ನಾಲಗೆಯ ನುಣುಪನ್ನು ಕಸಿಯುತ್ತವೆ, ಗಂಟಲು ಕಟ್ಟುತ್ತದೆ. ಅಂಗಿಗೆ ರಸ ತಾಗಿದರೆ ಕಂದು ಕಲೆ; ಏನು ತಿಕ್ಕಿದರೂ ಹೋಗದು. ಕರಾವಳಿಯ ಮನೆಗಳಲ್ಲಿ ಹಣ್ಣನ್ನು ಹೆಚ್ಚಿ ಉಪ್ಪು ಹಚ್ಚಿ ತಿನ್ನುವುದು ಈ ಒಗರನ್ನು ತಗ್ಗಿಸಲೆಂದೇ. ಹಿಂಡಿದ ರಸಕ್ಕೆ ಸಾಬಕ್ಕಿ ಗಂಜಿ ಬೆರೆಸಿಟ್ಟರೆ ಟ್ಯಾನಿನ್‌ ಅದರೊಂದಿಗೆ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಂಡರಾಯಿತು. ಅಡುಗೆಮನೆಯಲ್ಲೇ ಮುಗಿಯುವ ಕೆಲಸ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೂ ರಸ, ಸಿರಪ್‌, ಜಾಮ್‌ ತಯಾರಿಸುವ ವಿಧಾನಗಳನ್ನು ಬೆಳೆಗಾರರ ಮುಂದಿಟ್ಟಿದೆ.

ಹಾಗಾಗಿ "ಇನ್ನಷ್ಟು ಸಂಶೋಧನೆ ಆಗಬೇಕು" ಎಂಬ ಮಾಮೂಲಿ ಮಾತನ್ನು ಇಲ್ಲಿ ಒಪ್ಪಲಾಗದು. ಕಷ್ಟವಿರುವುದು ಗಡಿಯಾರದಲ್ಲಿ. ತೆಳು ಸಿಪ್ಪೆಯ ಈ ಹಣ್ಣು ನೆಲಕ್ಕೆ ಬಿದ್ದರೆ ಜಜ್ಜಿಹೋಗುತ್ತದೆ, ಮರುದಿನಕ್ಕೆ ಹುಳಿಯುತ್ತದೆ. ಬೀಜವಾದರೆ ಒಣಗಿಸಿ ತಿಂಗಳುಗಟ್ಟಲೆ ಇಡಬಹುದು. ದೂರದ ಪೇಟೆಯ ದೊಡ್ಡ ಕಾರ್ಖಾನೆಯನ್ನು ನಂಬಿ ಕೂತರೆ ಲಾರಿ ತಲುಪುವಷ್ಟರಲ್ಲಿ ರಸ ಕೆಟ್ಟಿರುತ್ತದೆ. ಹಿಂಡುವ ಯಂತ್ರ ಗುಡ್ಡದ ಬುಡಕ್ಕೇ ಬರಬೇಕು.

ಗೇರಿನ ತವರು ಬ್ರೆಜಿಲ್‌ನಲ್ಲಿ ಹಣ್ಣಿಗೆ ಮರ್ಯಾದೆಯಿದೆ. ಅಲ್ಲಿನ ಪಿಯಾವಿ ರಾಜ್ಯದಲ್ಲಿ ರಸದಿಂದ ಟ್ಯಾನಿನ್‌ ತೆಗೆದು, ಸೋಸಿ, ಬಾಟಲಿಯಲ್ಲೇ ಕಾಯಿಸುತ್ತಾರೆ. ಸಕ್ಕರೆ ಕಂದಿ ಜೇನುಬಣ್ಣ ತಾಳುವ ಆ ಪಾನೀಯ ಕಾಜುವೀನಾ. ಅಮಲಿಲ್ಲ. ಕಾಯಿಸುವಾಗ ಸಿ ವಿಟಮಿನ್‌ ಒಂದಿಷ್ಟು ನಷ್ಟವಾಗುತ್ತದೆ, ನಿಜ. ಆದರೂ 2014ರಲ್ಲಿ ಅದರ ತಯಾರಿಕೆಯನ್ನು ಆ ದೇಶ ತನ್ನ ಸಾಂಸ್ಕೃತಿಕ ಪರಂಪರೆಯೆಂದು ದಾಖಲಿಸಿಕೊಂಡಿತು. ನಮ್ಮಲ್ಲಿ ಗೇರುಹಣ್ಣಿನ ಮಾತೆತ್ತಿದರೆ ಚರ್ಚೆ ನೇರ ಹೆಂಡಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ಕೈಯಲ್ಲಿ ಕರಾವಳಿಯ ಸಾವಿರಾರು ಹೆಕ್ಟೇರ್‌ ನೆಡುತೋಪುಗಳಿವೆ. ಫಸಲನ್ನು ಅದು ಹರಾಜಿನಲ್ಲಿ ಗುತ್ತಿಗೆ ಕೊಡುತ್ತದೆ. ಮೊದಲ ಹೆಜ್ಜೆ ಅಲ್ಲಿಂದಲೇ ಆಗಲಿ: ಗುತ್ತಿಗೆಯ ಷರತ್ತಿನಲ್ಲಿ ಹಣ್ಣನ್ನೂ ಹೆಸರಿಸಿ, ಕಿಲೋಗೆ ಇಂತಿಷ್ಟು ಎಂದು ದರ ಕಟ್ಟಿ, ತೋಪಿನ ಪಕ್ಕದ ಸ್ವಸಹಾಯ ಸಂಘಕ್ಕೆ ಅದೇ ದಿನ ಒಪ್ಪಿಸಬೇಕೆಂದು ಬರೆಯಲಿ. ಮರದಡಿ ಬಲೆ ಕಟ್ಟುವ ಖರ್ಚನ್ನು ಮೊದಲ ಎರಡು ಹಂಗಾಮಿಗೆ ನಿಗಮವೇ ಹೊರಲಿ.