ಪಿಜ್ಜಾ ತಿನ್ನಿಸಿ ಜಗಳ ಬಿಡಿಸಿದ ವಿಜ್ಞಾನಿ

ಹಾವು–ಮುಂಗುಸಿಯಂತಿದ್ದ ಇಬ್ಬರು ವಿಜ್ಞಾನಿಗಳು 2000ದ ಮೇ ತಿಂಗಳಲ್ಲಿ ಅಮೆರಿಕದ ರಾಕ್‌ವಿಲ್ ಪಟ್ಟಣದ ಮನೆಯೊಂದರಲ್ಲಿ ಪಿಜ್ಜಾ ತಿನ್ನುತ್ತ, ಬಿಯರ್ ಕುಡಿಯುತ್ತ ಕೂತರು. ಒಬ್ಬರು, ಮನುಷ್ಯನ ಜೀನೋಮನ್ನು, ಅಂದರೆ ವಂಶವಾಹಿಗಳ ಇಡೀ ಬರಹವನ್ನು ಓದುವ ಸರ್ಕಾರಿ ಯೋಜನೆಯ ಮುಖ್ಯಸ್ಥ ಫ್ರಾನ್ಸಿಸ್ ಕಾಲಿನ್ಸ್. ಇನ್ನೊಬ್ಬರು, ಅದೇ ಕೆಲಸವನ್ನು ಸರ್ಕಾರಕ್ಕಿಂತ ಮೊದಲೇ ಮುಗಿಸುತ್ತೇನೆಂದು ಪಣ ತೊಟ್ಟಿದ್ದ ಸೆಲೆರಾ ಕಂಪನಿಯ ಕ್ರೇಗ್ ವೆಂಟರ್. ಕೂರಿಸಿದವರು ಮನೆಯ ಯಜಮಾನ ಆರಿ ಪ್ಯಾಟ್ರಿನೋಸ್. ಜೂನ್ 26ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಶ್ವೇತಭವನದಲ್ಲಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ಮಾನವ ಜೀನೋಮಿನ ಕರಡು ಸಿದ್ಧವಾಯಿತೆಂದು ಸಾರಿದರು. ರಾಜಿಯೂ ಅಷ್ಟಕ್ಕಷ್ಟೇ ಎನ್ನಿ: ಮರುವರ್ಷ ಒಂದು ತಂಡ ‘ನೇಚರ್’ನಲ್ಲಿ, ಇನ್ನೊಂದು ‘ಸೈನ್ಸ್’ನಲ್ಲಿ ಬೇರೆ ಬೇರೆಯಾಗಿಯೇ ಪ್ರಬಂಧ ಪ್ರಕಟಿಸಿದವು.

ಪ್ಯಾಟ್ರಿನೋಸ್ ಜೀವವಿಜ್ಞಾನಿಯಲ್ಲ. ಅಥೆನ್ಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ವಾಯುಮಂಡಲದ ಅಧ್ಯಯನಕ್ಕಿಳಿದವರು. ಅವರ ಕುರ್ಚಿಯೂ ಆರೋಗ್ಯ ಇಲಾಖೆಯದಲ್ಲ, ಇಂಧನ ಇಲಾಖೆಯದು! ಅಲ್ಲಿನ ಜೈವಿಕ ಮತ್ತು ಪರಿಸರ ಸಂಶೋಧನಾ ವಿಭಾಗವನ್ನು 1990ರ ದಶಕದ ಮಧ್ಯದಿಂದ 2006ರವರೆಗೆ ಅವರು ನಡೆಸಿದರು. ಅಣುಬಾಂಬು ನೋಡಿಕೊಳ್ಳುವ ಇಲಾಖೆಗೆ ವಂಶವಾಹಿಗಳ ಉಸಾಬರಿ ಯಾಕೆ? ಹಿರೋಶಿಮಾ, ನಾಗಸಾಕಿಯ ನಂತರ, ವಿಕಿರಣವು ಮುಂದಿನ ಪೀಳಿಗೆಯ ವಂಶವಾಹಿಗಳನ್ನೂ ಕೆಡಿಸುತ್ತದೆಯೇ ಎಂಬ ಪ್ರಶ್ನೆ ಅಣುಶಕ್ತಿಯವರ ಹೆಗಲೇರಿತ್ತು. ಉತ್ತರ ಬೇಕಾದರೆ ಇಡೀ ಜೀನೋಮನ್ನೇ ಓದಬೇಕೆಂದು 1986ರ ಹೊತ್ತಿಗೆ ಪಟ್ಟು ಹಿಡಿದವರು ಅದೇ ವಿಭಾಗದ ಆಗಿನ ಮುಖ್ಯಸ್ಥ, ವಿಜ್ಞಾನಿ ಚಾರ್ಲ್ಸ್ ಡಿಲಿಸಿ. ಬರೀ ಕಡತ ಬಲ್ಲವರು ಆ ಜಾಗದಲ್ಲಿದ್ದಿದ್ದರೆ ಬಾಂಬಿಗೂ ಜೀನೋಮಿಗೂ ಇದ್ದ ಎಳೆ ಕಣ್ಣಿಗೆ ಬೀಳುತ್ತಿತ್ತೆ?

ಪಿಜ್ಜಾ ಕತೆ ರುಚಿಯಾಗಿದೆ. ಆದರೆ ಈ ವಿಭಾಗವನ್ನು ಮೆಚ್ಚಬೇಕಾದದ್ದು ಇನ್ನೊಂದು ಸಪ್ಪೆ ಕೆಲಸಕ್ಕೆ. ಓಕ್ಲಹೋಮಾದ ಬಯಲಿನಲ್ಲಿ 1990ರ ದಶಕದ ಆರಂಭದಿಂದ ಅದರ ಉಪಕರಣಗಳು ಮೋಡ, ಬಿಸಿಲು, ದೂಳಿನ ಕಣಗಳನ್ನು ಅಳೆಯುತ್ತಲೇ ಇವೆ. ಮೋಡಗಳು ಭೂಮಿಯನ್ನು ಎಷ್ಟು ತಂಪಾಗಿಸುತ್ತವೆ, ಎಷ್ಟು ಬಿಸಿ ಹಿಡಿದಿಡುತ್ತವೆ ಎಂಬ ಲೆಕ್ಕದಲ್ಲೇ ಹವಾಮಾನ ಮಾದರಿಗಳು ಎಡವುವುದು ಹೆಚ್ಚು. ಅದಕ್ಕೆ ದಶಕಗಳ ಅಳತೆ ಬೇಕು. ಇಂಥದ್ದಕ್ಕೆ ಯಾವ ಅಧ್ಯಕ್ಷರೂ ಸಮಾರಂಭ ಮಾಡುವುದಿಲ್ಲ. ಒಂದು ವರ್ಷ ಹಣ ತಪ್ಪಿ ಅಳತೆ ನಿಂತರೆ, ಆಮೇಲೆ ಕೋಟಿ ಸುರಿದರೂ ಆ ವರ್ಷ ಮರಳಿ ಸಿಗುವುದಿಲ್ಲ.

ನಮ್ಮಲ್ಲೂ ಜೈವಿಕ ತಂತ್ರಜ್ಞಾನ ಇಲಾಖೆಗೆ ವಿಜ್ಞಾನಿಗಳೇ ಕಾರ್ಯದರ್ಶಿಗಳಾಗುವ ರೂಢಿಯಿದೆ, ಅಷ್ಟು ಸಮಾಧಾನ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ನಿರ್ದೇಶಕರಾಗಿದ್ದ ಕೆ. ವಿಜಯರಾಘವನ್ 2013ರಿಂದ 2018ರವರೆಗೆ ಅಲ್ಲಿದ್ದರು. ದೀರ್ಘಕಾಲದ ಯೋಜನೆಗಳಿಗೆ ಐದು ವರ್ಷ ಏನೇನೂ ಸಾಲದು. ಅಂಥದೊಂದು ಯೋಜನೆ ನಮ್ಮ ಮುಂದೆಯೇ ಇದೆ: ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ಜೀನೋಮ್ ಓದಿದ್ದಾಗಿದೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿತು. ಅದನ್ನು ಕಾಯುವ, ಬೆಳೆಸುವ, ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವ ಕೆಲಸ ಶುರುವಾಗುವುದೇ ಈಗ. ಆ ಹೊಣೆಯನ್ನು ಕೇಂದ್ರ ಸರ್ಕಾರ ಬಲ್ಲ ವಿಜ್ಞಾನಿಯೊಬ್ಬರಿಗೆ ಒಪ್ಪಿಸಲಿ, ಹತ್ತು ವರ್ಷ ಅವರನ್ನು ಅಲ್ಲಿಂದ ಕದಲಿಸದಿರಲಿ.