ಪದಕ ಕೊಟ್ಟೋರು ಯಾರು ಅಂತಾನೂ ನೋಡಬೇಕಲ್ವಾ?

ವಿಲಿಯಂ ಹಾಲ್ ಅಂತ ಒಬ್ಬ ನಾವಿಕ. ಕೆನಡಾದ ನೋವಾ ಸ್ಕೋಷಿಯಾದವನು. ಅಪ್ಪ-ಅಮ್ಮ ಗುಲಾಮಗಿರಿಯಿಂದ ಪಾರಾಗಿ, ಬ್ರಿಟಿಷರ ನೆರವಿನಿಂದ ಅಲ್ಲಿ ಬಂದು ನೆಲೆಸಿದ ಕಪ್ಪು ಜನ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಕಪ್ಪು ವರ್ಣೀಯ ಇವನೇ. 2010ರಲ್ಲಿ ಕೆನಡಾ ಇವನ ಅಂಚೆಚೀಟಿ ತಂತು. ಈಗ ಅಲ್ಲಿನ ನೌಕಾಪಡೆಯ ಹಡಗೊಂದಕ್ಕೂ ಇವನ ಹೆಸರೇ.

ಸರಿ, ಪದಕ ಬಂದಿದ್ದು ಯಾವ ಸಮುದ್ರದಲ್ಲಿ? ಸಮುದ್ರ ಎಲ್ಲಿ ಬಂತು ಸ್ವಾಮಿ... ಲಕ್ನೋದಲ್ಲಿ! 1857ರ ದಂಗೆ ಅಡಗಿಸೋಕೆ ಶಾನನ್ ಹಡಗಿನ ನಾವಿಕರು ತಮ್ಮ ತೋಪುಗಳನ್ನ ಇಳಿಸಿಕೊಂಡು ಅಲ್ಲಿವರೆಗೆ ಎಳೆದುಕೊಂಡು ಹೋಗಿದ್ದರು. ನವೆಂಬರ್ 16ರಂದು ಷಾ ನಜಾಫ್ ಗೋಡೆ ಮುಂದೆ ಜೊತೆಯವರೆಲ್ಲ ಬಿದ್ದ ಮೇಲೂ ಹಾಲ್ ಮತ್ತು ಲೆಫ್ಟಿನೆಂಟ್ ಯಂಗ್ ಇಬ್ಬರೇ ನಿಂತು ತೋಪು ಹಾರಿಸುತ್ತಾ ಹೋದರು. ಗೋಡೆ ಬಿರಿಯಿತು. ಅದೇ ದಿನ ಪಕ್ಕದ ಸಿಕಂದರ್ ಬಾಗ್‌ನಲ್ಲಿ ದಂಗೆಕೋರರ ಜೊತೆ ಆಫ್ರಿಕಾ ಮೂಲದ ಹೆಂಗಸರೂ ಹೋರಾಡಿ ಸತ್ತರು ಅಂತ ಬ್ರಿಟಿಷ್ ಸೈನಿಕರೇ ಬರೆದಿಟ್ಟಿದ್ದಾರೆ. ಅವರ ಹೆಸರು ಯಾರಿಗೆ ಬೇಕಿತ್ತು?

ಹಾಗಂತ ಹಾಲ್‌ನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವನದು ಸಂಬಳದ ಕೆಲಸ. ನಾವೂ ಕ್ಲೈಂಟ್ ಯಾರು, ಎಂಥವನು ಅಂತ ವಿಚಾರಿಸಿಕೊಂಡು ಕೋಡ್ ಬರೀತೀವಾ? :-) ಧೈರ್ಯ ಧೈರ್ಯಾನೇ. ನನ್ನ ತಕರಾರು ಬೇರೆ.

1858-59ರಲ್ಲಿ ನಮ್ಮ ಉತ್ತರ ಕನ್ನಡದ ಸೂಪಾ ಕಾಡಿನಲ್ಲೂ ಬ್ರಿಟಿಷರ ವಿರುದ್ಧ ಬಂಡಾಯ ಎದ್ದಿತ್ತು. ಅದರ ಮುಂದಾಳುಗಳಲ್ಲಿ ಸಿದ್ದಿ ಬಾಸ್ಟ್ಯಾನ್ ಅನ್ನೋನೂ ಒಬ್ಬ. ಅವನ ಹಿರಿಯರೂ ಆಫ್ರಿಕಾದವರೇ. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದ್ದರು. ಬಾಸ್ಟ್ಯಾನ್ 1859ರಲ್ಲಿ ಜಗಲ್‌ಬೇಟ್ ಹತ್ತಿರ ಕಾದಾಡುತ್ತಾ ಸತ್ತ. ಅದೇ ವರ್ಷ ಅಕ್ಟೋಬರ್ 28ರಂದು ಐರ್ಲೆಂಡಿನಲ್ಲಿ, ಹಡಗಿನ ಮೇಲೆ, ಹಾಲ್ ಎದೆಗೆ ಪದಕ ಚುಚ್ಚಿದರು.

ಶಿವಮೊಗ್ಗದಲ್ಲಿ ಓದಿದ ನನಗೆ ಈಸೂರಿನ ಕಥೆ ಬಾಯಿಪಾಠ. ಘಟ್ಟದ ಅಂಚಿನಲ್ಲೇ ಇರೋ ಬಾಸ್ಟ್ಯಾನ್ ಹೆಸರು ಒಂದು ಸಾರಿನೂ ಕಿವಿಗೆ ಬಿದ್ದಿರಲಿಲ್ಲ. ಇನ್ನೊಂದು ನೋಡಿ, ಭದ್ರಾವತಿಗೆ ಕಾರ್ಖಾನೆ ಕೆಲಸಕ್ಕೆ ಅಂತ ಬಂದ ತಮಿಳರು, ತೆಲುಗರು, ಮಲಯಾಳಿಗಳು ಎರಡೇ ತಲೆಮಾರಿಗೆ ಭದ್ರಾವತಿಯವರೇ ಆಗಿಬಿಟ್ಟರು. ನೂರಾರು ವರ್ಷದಿಂದ ಇಲ್ಲೇ ಇರೋ, ಕನ್ನಡ-ಕೊಂಕಣಿ ಮಾತಾಡೋ ಸಿದ್ದಿಗಳನ್ನ ಮಾತ್ರ ಇವತ್ತಿಗೂ "ನೀವು ಯಾವ ದೇಶ?" ಅಂತ ಕೇಳೋರಿದ್ದಾರೆ. ಸ್ಕೂಲ್ ಪುಸ್ತಕದಲ್ಲಿ ಬಾಸ್ಟ್ಯಾನ್ ಬಗ್ಗೆ ಓದಿದ ಹುಡುಗ ಹಾಗೆ ಕೇಳ್ತಾನಾ? ನನಗಂತೂ ಅನುಮಾನ.

ಹಳೇ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಲ್ಲಿ ಮುಳುಗಿದೆ. ಜೋಯಿಡಾ, ಹಳಿಯಾಳದ ಕಡೆಯವರು ಯಾರಾದರೂ ಇದನ್ನ ಓದ್ತಾ ಇದ್ರೆ, ನಿಮ್ಮ ಅಜ್ಜ-ಅಜ್ಜಿ ಬಾಯಲ್ಲಿ ಬಾಸ್ಟ್ಯಾನ್ ಹೆಸರು ಬಂದಿದ್ದುಂಟಾ? ದಯವಿಟ್ಟು ಹೇಳಿ.